ಸ್ಥಳನಾಮಗಳಲ್ಲಿ ಪದದ ಮೇರೆ, ಅಕ್ಷರದ ಮೇರೆ

ಸಮಾಸದಲ್ಲಿ ಪೂರ್ವಪದವು ಎಲ್ಲಿ ಮುಗಿಯಿತೆಂಬುದನ್ನು ಒಂದೊಂದು ಭಾಷೆಯೂ ಒಂದೊಂದು ಬಗೆಯಲ್ಲಿ ತೋರಿಸುತ್ತದೆ. ಡಚ್ ಭಾಷೆಯಲ್ಲಿ ಇದು ಬಹುಮಟ್ಟಿಗೆ ಆಘಾತದ ಕೆಲಸ. 'ವೋರ್ಕೋಮೆನ್' ಎಂಬ ಕ್ರಿಯಾಪದದ ಮೊದಲಲ್ಲಿ ಒತ್ತಿದರೆ 'ಸಂಭವಿಸು', ನಡುವೆ ಒತ್ತಿದರೆ 'ತಡೆಗಟ್ಟು' ಎಂದರ್ಥ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಕೆಡದು; ವ್ಯಂಜನವೇ ಗುರುತು. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳಿದ ಗ-ದ-ಬಾದೇಶವು ಮಳೆಗಾಲ, ಬೆಟ್ಟದಾವರೆ, ಕಂಬನಿಗಳಲ್ಲಿ ಇಂದಿಗೂ ಕಾಣುತ್ತದೆ. ಸಂಸ್ಕೃತ ಸಮಾಸಕ್ಕೆ ಈ ಸೌಕರ್ಯವಿಲ್ಲ. 'ಗೃಹಪ್ರವೇಶ'ದಲ್ಲಿ ಪದವು ಹಕಾರದ ಮುಂದೆ ಒಡೆಯುತ್ತದೆ. ಛಂದಸ್ಸಿನಲ್ಲಿ ಪಕಾರವು ಹಿಂದಕ್ಕೆ ಸೇರಿ ಹಕಾರವು ಗುರುವಾಗುತ್ತದೆ. ಪದದ ಮೇರೆ ಬೇರೆ, ಅಕ್ಷರದ ಮೇರೆ ಬೇರೆ.

ಇವೆರಡನ್ನೂ ಒಂದೆಂದು ಭಾವಿಸಿದರೆ ಸ್ಥಳನಾಮಗಳ ವ್ಯಾಸಂಗವು ದಾರಿ ತಪ್ಪುತ್ತದೆ. ಸತ್ತಿ, ಅಥಣಿ, ಚಿಕ್ಕೋಡಿಗಳ ಸೀಮೆ ಇದಕ್ಕೆ ಒಳ್ಳೆಯ ಪರೀಕ್ಷಾಸ್ಥಳ. ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಒಂದೇ ಊರಿನ ಹೆಸರನ್ನು ಕನ್ನಡ ಬಾಯಿಯೂ ಮರಾಠಿ ಬಾಯಿಯೂ ಆಡುತ್ತವೆ. ಕಾಗವಾಡವೆಂಬುದು ಕನ್ನಡಿಗನಿಗೆ ನಾಲ್ಕು ಅಕ್ಷರ, ಆರು ಮಾತ್ರೆ. ಮರಾಠಿಯಲ್ಲಿ ಬರೆಹ ಅದೇ ಆದರೂ ಗಕಾರ, ಡಕಾರಗಳ ಅಕಾರವು ಉಚ್ಚಾರದಲ್ಲಿ ಅಳಿದು ಎರಡೇ ಅಕ್ಷರಗಳು ಉಳಿಯುತ್ತವೆ. ರಾಯಬಾಗದ ಗತಿಯೂ ಅದೇ. ಇಂಗ್ಲಿಷ್ ದಾಖಲೆಗಳು ಈ ಮೊಟಕು ರೂಪಗಳನ್ನೇ ಹಿಡಿದವು. ಅಲ್ಲಿಂದ ಮರಳಿ ಕನ್ನಡಕ್ಕಿಳಿಸಿದವರು 'ಕಾಗ್ವಾಡ', 'ರಾಯ್ಬಾಗ' ಎಂದು ಬರೆಯುವುದನ್ನು ನಾವು ಆಗಾಗ ಕಾಣುತ್ತೇವೆ. ಬರೆದದ್ದನ್ನೆಲ್ಲ ಉಚ್ಚರಿಸುವ ನಮ್ಮ ಲಿಪಿಗೆ ಈ ಉಪಕಾರ ಬೇಕಿರಲಿಲ್ಲ.

ಕಾಗವಾಡದಲ್ಲಿ ಅಕಾರವು ಅಳಿದದ್ದು ಸಮಾಸದ ಸಂದಿನಲ್ಲಿ. ಇದನ್ನೇ ನೆಚ್ಚಿ, ಅಕಾರವಳಿದಲ್ಲೆಲ್ಲ ಸಮಾಸವುಂಟೆಂದು ಊಹಿಸುವುದು ಸಲ್ಲದು. ಅಥಣಿಯನ್ನು ಆಂಗ್ಲ ಗೆಜೆಟಿಯರುಗಳು 'ಅಥ್ಣಿ' ಎಂದೇ ಬರೆದವು. ಎರಡು ಪದಗಳ ಕೂಟವಿರಲೇಬೇಕೆಂದು ಅದರಿಂದ ಸಿದ್ಧವಾಗದು. ನಡುವೆ ಅಕಾರವಿಲ್ಲದ ಸತ್ತಿ, ನಿಪ್ಪಾಣಿಗಳು ಈ ಕತ್ತರಿಗೆ ಸಿಕ್ಕಲೇ ಇಲ್ಲ.

ಹಳೆಯ ರೂಪ ದೊರೆತಲ್ಲಿ ಮಾತ್ರ ನಿರ್ಣಯ ಸುಲಭ. ಚಿಕ್ಕೋಡಿ ತಾಲೂಕಿನ ಎಕ್ಸಂಬಾ ೧೨ನೆಯ ಶತಮಾನದ ಶಾಸನದಲ್ಲಿ 'ಎಕ್ಕಸಂಬುಗೆ'. ಇಂದಿನ ರೂಪವೊಂದನ್ನೇ ನೋಡುವವನಿಗೆ 'ಕ್ಸ' ಒಂದೇ ಸಂಯುಕ್ತಾಕ್ಷರ. ಶಾಸನವನ್ನು ನೋಡಿದವನಿಗೆ ಕಕಾರವು ದ್ವಿತ್ವವಾಗಿತ್ತು, ಅದರ ಮುಂದೆ ಸ್ವರವಿತ್ತು, ಸಕಾರವು ಇನ್ನೊಂದು ಅಕ್ಷರದ ಆದಿಯಾಗಿತ್ತು ಎಂಬುದು ತಿಳಿಯುತ್ತದೆ. ಐದು ಅಕ್ಷರಗಳ ಹೆಸರು ಮೂರಕ್ಕಿಳಿದಿದೆ. ಕಳೆದುಹೋದವುಗಳಲ್ಲಿ ಒಂದು ನಡುವಿನದು, ಒಂದು ಕೊನೆಯದು.