ಬೆಂಗಳೂರಿನ ಗುಡಿ, ಮಸೀದಿ, ಚರ್ಚುಗಳಲ್ಲಿ ಅಡಗಿರುವ ಹಳ್ಳಿಗಳು

ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋಗುವವರು ಸಾಮಾನ್ಯವಾಗಿ ನೋಡುವುದು ಏನು? ಆಸ್ಪತ್ರೆ, ಕಚೇರಿ, ಮಗ ಅಥವಾ ಮಗಳು ಬಾಡಿಗೆಗೆ ಹಿಡಿದಿರುವ ಮನೆ, ಮತ್ತೆ ವಾಪಸು ಮೆಜೆಸ್ಟಿಕ್. ನಡುವೆ ಅರ್ಧ ದಿನ ಬಿಡುವು ಸಿಕ್ಕರೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ. ಅದೇ ಅರ್ಧ ದಿನದಲ್ಲಿ ಮಾಡಬಹುದಾದ ಇನ್ನೊಂದು ಕೆಲಸವನ್ನು ಹೇಳಲು ಈ ಬರಹ. ಬೇರೆ ಬೇರೆ ಧರ್ಮದವರ ಪೂಜಾಸ್ಥಳಗಳಿಗೆ ಹೋಗಿ ಬನ್ನಿ. ಪುಣ್ಯ ಬರುತ್ತದೆಯೋ ಇಲ್ಲವೋ ನಾವು ಹೇಳಲಾರೆವು, ಇತಿಹಾಸವಂತೂ ಸಿಗುತ್ತದೆ.

ಬೆಂಗಳೂರಿನಲ್ಲಿ ಮೂವತ್ತು ವರ್ಷದ ಮನೆಯೇ ಹಳೆಯದು. ಕೆಡವಿ ಕಟ್ಟುತ್ತಾರೆ. ಕೆರೆ ಮುಚ್ಚುತ್ತಾರೆ, ಬೀದಿಗೆ ಹೊಸ ಹೆಸರು ಇಡುತ್ತಾರೆ. ಆದರೆ ಗುಡಿಯನ್ನೋ ಮಸೀದಿಯನ್ನೋ ಚರ್ಚನ್ನೋ ಅಷ್ಟು ಸುಲಭವಾಗಿ ಅಲುಗಾಡಿಸುವುದಿಲ್ಲ. ಹಾಗಾಗಿ ಈ ಊರಿನಲ್ಲಿ ಯಾರು ಇದ್ದರು, ಯಾರು ಎಲ್ಲಿಂದ ಬಂದರು ಎಂಬ ದಾಖಲೆ ಹೆಚ್ಚಾಗಿ ಉಳಿದಿರುವುದು ಅಲ್ಲಿಯೇ. ಟಿಕೆಟ್ ಇಲ್ಲದ ಮ್ಯೂಸಿಯಂ ಅಂದುಕೊಳ್ಳಿ.

ಬೇಗೂರಿನ ಕಲ್ಲು

ಬೆಂಗಳೂರು ಎಂಬ ಹೆಸರು ಹೇಗೆ ಬಂತು ಎಂದು ಕೇಳಿದರೆ ಶಾಲೆಯಲ್ಲಿ ಓದಿದ ಕಥೆ ಎಲ್ಲರಿಗೂ ನೆನಪಿದೆ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು. ಕಥೆ ಚೆನ್ನಾಗಿದೆ. ಆದರೆ ನಗರದ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಕಲ್ಲು ಬೇರೆ ಮಾತು ಹೇಳುತ್ತದೆ. ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಆ ಹಳಗನ್ನಡ ಶಾಸನದಲ್ಲಿ ಬೆಂಗಳೂರಿನ ಕಾಳಗದಲ್ಲಿ ಸತ್ತವನ ವಿಷಯವಿದೆ. ಅಂದರೆ ವೀರಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಬೆಂಗಳೂರು ಎಂಬ ಹೆಸರಿತ್ತು. ಕೆಂಪೇಗೌಡರು 1537ರಲ್ಲಿ ಕೋಟೆ, ಪೇಟೆ ಕಟ್ಟಿಸುವುದಕ್ಕಂತೂ ಆರು ಶತಮಾನಕ್ಕೂ ಮೊದಲು.

ಗಮನಿಸಿ, ಇಷ್ಟು ದೊಡ್ಡ ಊರಿನ ಹೆಸರಿನ ಹಳೆಯ ಸಾಕ್ಷಿ ಸಿಕ್ಕಿದ್ದು ಅರಮನೆಯಲ್ಲಲ್ಲ, ಒಂದು ಹಳ್ಳಿಯ ಶಿವಾಲಯದಲ್ಲಿ. ಬೇಗೂರನ್ನು ನಗರ ನುಂಗಿದ್ದು ತೀರಾ ಈಚೆಗೆ.

ಬಸ್‌ಸ್ಟ್ಯಾಂಡಿನ ಕೆಳಗಿನ ಕೆರೆ

ನೀವು ಬಸ್ಸಿಳಿಯುವ ಮೆಜೆಸ್ಟಿಕ್ಕೇ ಒಂದು ಕಾಲಕ್ಕೆ ಕೆರೆ. ಧರ್ಮಾಂಬುಧಿ ಅದರ ಹೆಸರು. ಪೇಟೆಯ ಜನ ಕುಡಿಯುವ ನೀರಿಗೆ ಅದನ್ನು ನಂಬಿದ್ದರು. ಕೆರೆ ಇತ್ತು ಎನ್ನುವುದಕ್ಕೆ ಇಂದು ಅಲ್ಲಿರುವ ದೊಡ್ಡ ಗುರುತು ಅಣ್ಣಮ್ಮನ ಗುಡಿ. ನಮ್ಮೂರುಗಳಲ್ಲಿ ಕೆರೆಯ ಹತ್ತಿರ ಊರಮ್ಮ ಇರುವುದಿಲ್ಲವೇ, ಹಾಗೆಯೇ ಇವಳು ಬೆಂಗಳೂರಿನ ಗ್ರಾಮದೇವತೆ. ಕೆರೆ ಹೋಯಿತು, ಅಮ್ಮ ಉಳಿದಳು. ಇಂದಿಗೂ ಬಡಾವಣೆಗಳಲ್ಲಿ ಅಣ್ಣಮ್ಮನ ಉತ್ಸವ ಕೂರಿಸುತ್ತಾರೆ.

1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು, ಉಳಿದವರು ಮನೆ ಬಿಟ್ಟು ಓಡಿದರು. ಪ್ಲೇಗಮ್ಮ, ಮಾರಮ್ಮ ಎಂಬ ಹೆಸರಿನ ಗುಡಿಗಳು ಆ ಭಯದ ಗುರುತುಗಳು. ಗಾಳಿ ಬೆಳಕು ಇರುವ ಅಗಲ ಬೀದಿಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೂ ಆ ಪ್ಲೇಗಿನ ನಂತರವೇ.

ಕರಗ ಹೇಳುವ ನೀರಿನ ಕಥೆ

ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಪ್ರತಿ ವರ್ಷ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುತ್ತದೆ. ಹೂವಿನ ಕರಗ ಹೊತ್ತವರ ಸುತ್ತ ಕತ್ತಿ ಹಿಡಿದ ವೀರಕುಮಾರರು. ಟಿವಿಯಲ್ಲಿ ನೀವು ನೋಡಿರುತ್ತೀರಿ. ಆದರೆ ಕರಗದ ಮೊದಲ ವಿಧಿಗಳು ನಡೆಯುವುದು ಗುಡಿಯಲ್ಲಲ್ಲ, ನೀರಿನ ಹತ್ತಿರ. ಹಸಿ ಕರಗ ಬರುವುದು ಸಂಪಂಗಿ ಕೆರೆಯ ಕಡೆಯಿಂದ.

ಸಂಪಂಗಿ ಕೆರೆ ಎಲ್ಲಿದೆ? ಈಗ ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಮೂಲೆಯಲ್ಲಿ ಒಂದು ಪುಟ್ಟ ಕುಂಟೆ ಮಾತ್ರ ಉಳಿದಿದೆ. ತಿಗಳ ಸಮುದಾಯದವರು ತೋಟಗಾರರು. ಆ ಕೆರೆಯ ನೀರಿನಲ್ಲಿ ತರಕಾರಿ, ಹೂವು ಬೆಳೆದು ನಗರಕ್ಕೆ ಕೊಟ್ಟವರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ನಗರಕ್ಕೆ ತನ್ನ ಮಗ್ಗುಲ ಕೆರೆಗಳು ಬೇಡವಾದವು. ತೋಟದವರಿಗೆ ಮಾತ್ರ ಬೇಕಿದ್ದವು. ಕೊನೆಗೆ ಗೆದ್ದದ್ದು ಯಾರು ಎಂಬುದು ಕಣ್ಣ ಮುಂದೆಯೇ ಇದೆ. ಆ ಕುಂಟೆಯಾದರೂ ಉಳಿದಿದ್ದರೆ ಅದಕ್ಕೆ ಕಾರಣ ಕರಗ. ಆಚರಣೆಗೆ ನೀರು ಬೇಕು ಎಂಬ ಒಂದೇ ಹಟ ಕೆರೆಯ ಕೊನೆಯ ತುಂಡನ್ನು ಕಾಪಾಡಿತು.

ಕರಗದ ಇನ್ನೊಂದು ಸಂಗತಿ. ಮೆರವಣಿಗೆ ಹೋಗುವ ದಾರಿಯಲ್ಲಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಭೇಟಿ ಕೊಡುತ್ತದೆ. ಈ ಸಂತರು ಹೈದರಾಲಿಯ ಕಾಲದವರು ಎಂದು ಜನ ಹೇಳುತ್ತಾರೆ. ಕೋಟೆ ಕಟ್ಟುವ ಕೂಲಿಗಳ ಜೊತೆ ದುಡಿಯುತ್ತಿದ್ದರು ಎಂಬ ಐತಿಹ್ಯವೂ ಇದೆ. ಆಗಾಗ ಈ ಭೇಟಿ ಬೇಡ ಎನ್ನುವ ದನಿಗಳು ಏಳುತ್ತವೆ. ಕರಗ ನಡೆಸುವವರು ಪದ್ಧತಿ ಬಿಟ್ಟಿಲ್ಲ. ನಮ್ಮ ಕಡೆಯ ಮೊಹರಂನಲ್ಲಿ ಎಲ್ಲ ಜಾತಿಯವರೂ ಪಂಜಾ ಹೊರುವುದನ್ನು, ಕುಣಿಯುವುದನ್ನು ನೋಡಿ ಬೆಳೆದವರಿಗೆ ಇದು ಆಶ್ಚರ್ಯವೇನಲ್ಲ.

ಮೇದರ ನಿಂಗನಹಳ್ಳಿ ಎಲ್ಲಿದೆ?

ಮಲ್ಲೇಶ್ವರಕ್ಕೆ ಆ ಹೆಸರು ಕೊಟ್ಟದ್ದು ಕಾಡು ಮಲ್ಲೇಶ್ವರ ಗುಡಿ. ಅಲ್ಲಿಗೆ ಸಂಬಂಧಿಸಿದ 1669ರ ಶಾಸನವೊಂದಿದೆ. ದೇವಸ್ಥಾನಕ್ಕೆ ಒಂದು ಹಳ್ಳಿಯನ್ನು ದತ್ತಿ ಬಿಟ್ಟವನು ಏಕೋಜಿ, ಶಿವಾಜಿಯ ತಮ್ಮ. ಅವರ ತಂದೆ ಶಹಾಜಿಗೆ ಬಿಜಾಪುರದ ಸುಲ್ತಾನರಿಂದ ಬೆಂಗಳೂರು ಜಹಗೀರಾಗಿ ಬಂದಿತ್ತು. ಮುಸ್ಲಿಂ ಸುಲ್ತಾನನ ಕೈಕೆಳಗಿನ ಮರಾಠಾ ಸರದಾರನ ಮಗ ಕನ್ನಡ ನೆಲದ ಶಿವನಿಗೆ ಹಳ್ಳಿ ಬಿಟ್ಟ.

ದತ್ತಿ ಬಿಟ್ಟ ಹಳ್ಳಿಯ ಹೆಸರು ಮೇದರ ನಿಂಗನಹಳ್ಳಿ. ಬಿದಿರು ಹೆಣೆಯುವ ಮೇದರ ಊರು. ಇಂದು ಆ ಹೆಸರು ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಕಲ್ಲಿನ ಮೇಲೆ ಬರೆಯದೇ ಇದ್ದಿದ್ದರೆ ಅಲ್ಲೊಂದು ಊರಿತ್ತೆಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಒಂದೇ ಸುತ್ತಿನಲ್ಲಿ ಮಾರುಕಟ್ಟೆ

ಸಮಯ ಕಡಿಮೆ ಇದ್ದರೆ ಕೃಷ್ಣರಾಜ ಮಾರುಕಟ್ಟೆಯ ಸುತ್ತಮುತ್ತ ಸಾಕು, ಎಲ್ಲವೂ ನಡೆದು ಹೋಗುವ ದೂರ. ಮೊದಲು ಕೋಟೆ ವೆಂಕಟರಮಣ ದೇವಸ್ಥಾನ. ಹದಿನೇಳನೆಯ ಶತಮಾನದ ಕೊನೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ಅದರ ಗೋಡೆಗೆ ಹತ್ತಿಕೊಂಡಂತೆ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ, ಮುಗಿದದ್ದು 1791ರಲ್ಲಿ. ರಾಜ ಬದಲಾದ, ಅವನ ಧರ್ಮವೂ ಬದಲಾಯಿತು. ಗಂಟೆ ಮಾತ್ರ ಬಾರಿಸುತ್ತಲೇ ಇತ್ತು. ಈಗಲೂ ಗುಡಿ, ಅರಮನೆ ಎರಡೂ ಅಕ್ಕಪಕ್ಕ ನಿಂತಿವೆ. ಮಾರುಕಟ್ಟೆಯ ಬಳಿಯೇ ಬಿಳಿಯ ಜುಮ್ಮಾ ಮಸೀದಿ. ಹೂವು, ಸೊಪ್ಪು ಮಾರುವವರ ಗದ್ದಲದ ನಡುವೆ ನಮಾಜಿಗೆ ಸಾಲು ನಿಲ್ಲುತ್ತದೆ.

ಅಲ್ಲಿಂದ ಅವೆನ್ಯೂ ರಸ್ತೆ ಹಿಡಿದರೆ ಪುಸ್ತಕದ ಅಂಗಡಿಗಳ ನಡುವೆ ರೈಸ್ ಸ್ಮಾರಕ ಚರ್ಚ್ ಸಿಗುತ್ತದೆ. ಇದು ಕನ್ನಡದ ಚರ್ಚು. ಪಾದ್ರಿ ಬೆಂಜಮಿನ್ ರೈಸ್ ನೆನಪಿಗೆ ಆ ಹೆಸರು. ಅವರ ಮಗ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್. ಹಳೇ ಮೈಸೂರಿನ ಜಿಲ್ಲೆಗಳ, ಕೊಡಗಿನ ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ತಾಲೂಕುವಾರು ಅಚ್ಚು ಮಾಡಿಸಿದವರು ಅವರೇ. ನಿಮ್ಮೂರಿನ ಕೆರೆ ಏರಿಯ ಮೇಲಿನ ಕಲ್ಲು ಅದರಲ್ಲಿ ಇರುವ ಸಾಧ್ಯತೆ ಇದೆ. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚ್ 1904ರದ್ದು, ಅದೂ ಕನ್ನಡದ್ದೇ. ಕನ್ನಡ ಶಾಲೆಗಳಿಗಾಗಿ ದುಡಿದ ಪಾದ್ರಿ ಜೋಸೈಯ ಹಡ್ಸನ್ ಹೆಸರು ಅದಕ್ಕಿದೆ.

ದಂಡಿನ ಜೊತೆ ಬಂದವರು

1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆ ದಂಡುಪ್ರದೇಶ ಮಾಡಿದರು. ಸಿಪಾಯಿಗಳ ಹಿಂದೆ ಅಗಸರು, ಅಡುಗೆಯವರು, ಗಾರೆ ಕೆಲಸದವರು, ವ್ಯಾಪಾರಿಗಳು ಬಂದರು. ಬಹಳಷ್ಟು ಜನ ತಮಿಳು ಸೀಮೆಯವರು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಕಥೆ ಅದಕ್ಕೂ ಹಿಂದಿನದು. ತಮಿಳು ನಾಡಿನಿಂದ ವಲಸೆ ಬಂದ ಕ್ರೈಸ್ತರು ಅಲ್ಲಿ ಹುಲ್ಲಿನ ಗುಡಿಸಲಲ್ಲಿ ಪ್ರಾರ್ಥನೆ ಮಾಡುತ್ತಿದ್ದರಂತೆ. ಆಮೇಲೆ ಅಲ್ಲಿ ಸಣ್ಣ ದೇವಾಲಯ ಕಟ್ಟಿಸಿದವರು ಫ್ರೆಂಚ್ ಪಾದ್ರಿ ಆಬೆ ದುಬುವಾ. ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ತಿರುಗಿದವರೂ ಅವರೇ. ಈಗಿನ ಎತ್ತರದ ಗೋಪುರದ ಕಟ್ಟಡ 1882ರದ್ದು. ಅಲ್ಲಿ ಮಾತೆ ಮೇರಿಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ತೇರು ಎಳೆಯುತ್ತಾರೆ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ.

ಹಲಸೂರು ಕೆರೆಯ ದಡದ ಗುರುದ್ವಾರ 1940ರ ದಶಕದ್ದು. ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋಗಿ. ಲಂಗರಿನಲ್ಲಿ ನೆಲದ ಮೇಲೆ ಸಾಲಾಗಿ ಕೂತವರಿಗೆಲ್ಲ ಒಂದೇ ಊಟ, ಯಾರೂ ಜಾತಿ ಕೇಳುವುದಿಲ್ಲ. ಸಿಖ್ಖರು ನಮಗೆ ದೂರದವರು ಎನ್ನಿಸಿದರೆ ಒಂದು ಮಾತು ನೆನಪಿರಲಿ: ಗುರು ಗೋವಿಂದ ಸಿಂಗರು 1699ರಲ್ಲಿ ಆರಿಸಿದ 'ಪಂಜ್ ಪ್ಯಾರೆ' ಎಂಬ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ಕುಟುಂಬದವರು ಎಂದು ಸಿಖ್ಖರ ಪರಂಪರೆ ಹೇಳುತ್ತದೆ.

ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿಮಂದಿರವಿದೆ, 1926ರದ್ದು. ಒಳಗೆ ಪಾರ್ಸಿಗಳಿಗೆ ಮಾತ್ರ ಪ್ರವೇಶ, ಹೊರಗಿನಿಂದ ನೋಡಿ ಬರಬೇಕು. ಗಾಂಧಿನಗರದ ಮಹಾಬೋಧಿ ಸೊಸೈಟಿಯ ಬೌದ್ಧ ವಿಹಾರಕ್ಕೆ ಯಾರು ಬೇಕಾದರೂ ಹೋಗಿ ಸುಮ್ಮನೆ ಕೂರಬಹುದು. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ್ದು. ಅದೇ ವರ್ಷ ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು.

ಬಸವನಿಗೆ ಕಡಲೆಕಾಯಿ

ಕಾರ್ತಿಕದ ಕೊನೆಯ ಸೋಮವಾರ ಹೋಗುವುದಾದರೆ ಬಸವನಗುಡಿಯ ದೊಡ್ಡ ಬಸವಣ್ಣನನ್ನು ಬಿಡಬೇಡಿ. ಕಡಲೆಕಾಯಿ ಪರಿಷೆ ಆಗ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ದಾಸರಹಳ್ಳಿಯ ರೈತರ ಬೆಳೆಯನ್ನು ಬಸವ ಮೇಯುತ್ತಿದ್ದ, ಮೊದಲ ಫಸಲು ನಿನಗೇ ಎಂದು ಹರಕೆ ಹೊತ್ತರು ಎಂಬುದು ಕಥೆ. ಕಥೆಯ ಆ ಹಳ್ಳಿಗಳೆಲ್ಲ ಈಗ ಕಾಂಕ್ರೀಟು. ಒಂದು ಕಾಳೂ ಅಲ್ಲಿ ಬೆಳೆಯುವುದಿಲ್ಲ. ಆದರೂ ಕೋಲಾರ, ಚಿಂತಾಮಣಿ ಕಡೆಯ, ತಮಿಳುನಾಡು, ಆಂಧ್ರದ ರೈತರು ಮೂಟೆ ತಂದು ರಸ್ತೆ ಬದಿಯಲ್ಲಿ ರಾಶಿ ಹಾಕುತ್ತಾರೆ. ಇನ್ನೊಂದು ತಮಾಷೆ: ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ನಮ್ಮ ಬಸವಣ್ಣನ ಪ್ರಿಯವಾದ ನೈವೇದ್ಯವೂ ವಲಸೆ ಬಂದದ್ದೇ.

ಹೋಗುವ ಮುನ್ನ

ಎಲ್ಲ ಕಡೆ ಚಪ್ಪಲಿಯ ನಿಯಮ ಕೇಳಿಕೊಳ್ಳಿ. ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಶುಕ್ರವಾರ ಮಧ್ಯಾಹ್ನ ಬೇಡ. ಹೆಣ್ಣುಮಕ್ಕಳಿಗೆ ಎಲ್ಲಿಯವರೆಗೆ ಪ್ರವೇಶವೆಂದು ಬಾಗಿಲಲ್ಲಿ ಕೇಳಿದರೆ ಹೇಳುತ್ತಾರೆ. ಚರ್ಚಿನಲ್ಲಿ ಪೂಜೆ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂರಬಹುದು. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. "ನಾವು ಹಳ್ಳಿಯಿಂದ ಬಂದಿದ್ದೇವೆ, ನೋಡಬೇಕಿತ್ತು" ಎಂದರೆ ಅಲ್ಲಿನವರೇ ಕರೆದು ತೋರಿಸುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ತಿಳಿದದ್ದು ಎರಡು ಸಂಗತಿ. ಬೆಂಗಳೂರಿಗೆ ಯಾರು ಮೊದಲು ಬಂದರು, ಯಾರು ಹೊರಗಿನವರು ಎಂದು ಜಗಳ ಮಾಡುವವರು ಈ ಜಾಗಗಳನ್ನು ಒಮ್ಮೆ ಸುತ್ತಿದರೆ ಒಳ್ಳೆಯದು. ಪ್ರತಿಯೊಂದು ಜಾಗವೂ ಎಲ್ಲಿಂದಲೋ ದುಡಿಯಲು ಬಂದವರ ಗುರುತು. ಎರಡನೆಯದು, ನಗರ ಬೆಳೆದಾಗ ಹಳ್ಳಿಯ ಕೆರೆ, ಹೊಲ, ಹೆಸರು ಎಲ್ಲ ಹೋಗುತ್ತವೆ. ಗುಡಿಯ ಕಲ್ಲಿನಲ್ಲೋ ಜಾತ್ರೆಯ ವಿಧಿಯಲ್ಲೋ ಸೇರಿಕೊಂಡದ್ದು ಮಾತ್ರ ಉಳಿಯುತ್ತದೆ.

ನಮ್ಮೂರುಗಳ ಪಕ್ಕಕ್ಕೂ ಹೆದ್ದಾರಿ, ಲೇಔಟು ಬರುತ್ತಿವೆ. ಊರಮ್ಮನ ಗುಡಿಯ ಹಿಂದೆ ಬಿದ್ದಿರುವ ವೀರಗಲ್ಲು, ದರ್ಗಾದ ಹಳೆಯ ಫಲಕ, ಚರ್ಚಿನ ಗಂಟೆಯ ಮೇಲಿನ ಬರಹ, ಇವುಗಳನ್ನು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಲ್ಲಿಗೆ ಬಣ್ಣ ಬಳಿಯಲು ಬಂದರೆ ಬೇಡ ಎನ್ನಿ. ಊರಿನ ಹಿರಿಯರನ್ನು ಕೂರಿಸಿಕೊಂಡು ಜಾತ್ರೆ ಯಾವ ಕೆರೆಯಿಂದ ಹೊರಡುತ್ತಿತ್ತು ಎಂದು ಕೇಳಿ ಬರೆದಿಡಿ. ಮೇದರ ನಿಂಗನಹಳ್ಳಿಗೆ ಒಂದು ಕಲ್ಲಾದರೂ ಸಿಕ್ಕಿತು.