ಹೊಟ್ಟೆಯಲ್ಲಿ ಮಗು, ಮಾರ್ಚ್ 25, ಮತ್ತು ಇಂಗ್ಲೆಂಡಿನ ಹಳೇ ಯುಗಾದಿ

ಇಂಗ್ಲೆಂಡಿನವರಿಗೂ ಒಂದು ಕಾಲದಲ್ಲಿ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಹೊಸ ವರ್ಷ ಬರುತ್ತಿತ್ತು ಅಂದರೆ ನಂಬ್ತೀರಾ? ನಾನಂತೂ ಮೊದಲು ನಂಬಲಿಲ್ಲ. ಈ ದೇಶಕ್ಕೆ ಬಂದು ಆರು ವರ್ಷವಾದರೂ ಗೊತ್ತಿರಲಿಲ್ಲ. ಈಗ ಇಪ್ಪತ್ತಾರನೇ ವಾರ, ರಾತ್ರಿ ನಿದ್ದೆ ಬರಲ್ಲ, ಸಿಕ್ಕಿದ್ದೆಲ್ಲ ಓದ್ತಾ ಕೂತಿರ್ತೀನಿ. ಹಾಗೆ ಸಿಕ್ಕಿದ್ದು ಇದು.

12ನೇ ಶತಮಾನದಿಂದ 1751ರವರೆಗೆ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅದಕ್ಕೆ 'ಲೇಡಿ ಡೇ' ಅಂತ ಹೆಸರು. ಲೇಡಿ ಅಂದರೆ ಮರಿಯಮ್ಮ. ಗಬ್ರಿಯೇಲ ದೂತ ಬಂದು ನೀನು ಗರ್ಭವತಿಯಾಗುತ್ತೀ ಅಂತ ಆಕೆಗೆ ಹೇಳಿದ ದಿನ. ಅಂದರೆ ಒಂದು ಇಡೀ ದೇಶ ತನ್ನ ವರ್ಷವನ್ನು ಒಬ್ಬ ಹೆಣ್ಣುಮಗಳು ಬಸುರಾದ ದಿನದಿಂದ ಎಣಿಸುತ್ತಿತ್ತು! ಹೆತ್ತ ದಿನದಿಂದಲ್ಲ, ಗಮನಿಸಿ. ಗದ್ದೆ-ಮನೆಗಳ ಬಾಡಿಗೆ ಕಟ್ಟುವುದು, ಒಕ್ಕಲು ಬದಲಾಯಿಸುವುದು ಎಲ್ಲ ಅದೇ ದಿನದ ಲೆಕ್ಕ. ಇಟಲಿಯ ಫ್ಲಾರೆನ್ಸಿನಲ್ಲೂ 18ನೇ ಶತಮಾನದ ನಡುವಿನವರೆಗೆ ಹೀಗೇ ಇತ್ತು.

ಇದರಿಂದ ಇತಿಹಾಸ ಓದುವವರಿಗೆ ತಲೆನೋವೋ ತಲೆನೋವು. ದೊರೆ ಒಂದನೇ ಚಾರ್ಲ್ಸ್‌ನ ತಲೆ ಕಡಿದದ್ದು 1649ರ ಜನವರಿ 30ರಂದು ಅಂತ ನಾವು ಓದ್ತೀವಿ. ಕಡಿದವರ ಲೆಕ್ಕದಲ್ಲಿ ಅದಿನ್ನೂ 1648. ಕೊನೆಗೆ ಪಾರ್ಲಿಮೆಂಟು ಕಾಯ್ದೆ ಮಾಡಿ 1752ರಿಂದ ಜನವರಿ 1ಕ್ಕೆ ವರ್ಷ ಶುರು ಅಂತ ನಿಗದಿ ಮಾಡಿತು. ಹಾಗಾಗಿ 1751 ಅನ್ನೋ ವರ್ಷ ಮಾರ್ಚ್ 25ಕ್ಕೆ ಹುಟ್ಟಿ ಡಿಸೆಂಬರ್ 31ಕ್ಕೆ ಮುಗಿದುಹೋಯ್ತು. ಎಷ್ಟು ದಿನ ಅಂತ ಲೆಕ್ಕ ಹಾಕಿದೆ, 282. ಡಾಕ್ಟರುಗಳು ಬಸುರಿಗೆ ಕೊಡುವುದು 280 ದಿನ. ಆ ವರ್ಷ ಎರಡು ದಿನ ತಡವಾಗಿ ಹೆರಿಗೆ ಆಯ್ತು ಅಂದ್ಕೋಬಹುದು :-)

ಮಾರ್ಚ್ 25 ಯಾಕೆ? ಹಳೇ ರೋಮನ್ ಪಂಚಾಂಗದಲ್ಲಿ ಹಗಲು-ರಾತ್ರಿ ಸಮವಾಗುವ ವಸಂತದ ದಿನ ಅಂತ ಗುರುತಿಸಿದ್ದು ಅದನ್ನೇ. ಅಲ್ಲಿಂದ ಒಂಬತ್ತು ತಿಂಗಳಿಗೆ ಡಿಸೆಂಬರ್ 25, ಕ್ರಿಸ್ಮಸ್. ಎಲಿಜಬೇತಮ್ಮನಿಗೆ ಆಗ ಆರು ತಿಂಗಳು ಅಂತ ಲೂಕ ಬರೆದಿರುವುದರಿಂದ ಸ್ನಾನಿಕ ಯೊವಾನ್ನನ ಹುಟ್ಟುಹಬ್ಬ ಜೂನ್ 24ಕ್ಕೆ ಬಂತು. ಯಾರೋ ಸೂಲಗಿತ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪಂಚಾಂಗ ಬರೆದ ಹಾಗಿದೆ. ಇಂಗ್ಲಿಷಿನ 'ಲೆಂಟ್' (ನಮ್ಮ ತಪಸ್ಸುಕಾಲ) ಅನ್ನೋ ಪದ ಕೂಡ ಹಳೇ ಇಂಗ್ಲಿಷಿನಲ್ಲಿ ವಸಂತಕ್ಕಿದ್ದ ಹೆಸರು, ಹಗಲು ಉದ್ದವಾಗುವ ಕಾಲ ಅಂತ. ಉಪವಾಸದ ಕಾಲಕ್ಕೆ ಚಿಗುರಿನ ಹೆಸರು!

ಇಲ್ಲಿಯವರೆಗೆ ಎಲ್ಲ ಖುಷಿಯ ವಿಷಯ. ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನದು.

ಯೇಸುಸ್ವಾಮಿ ತಾಯಿಯ ಹೊಟ್ಟೆಯಲ್ಲಿ ನಿಂತ ದಿನವೂ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನವೂ ಒಂದೇ, ಮಾರ್ಚ್ 25, ಅಂತ ಹಳೆಯ ಕ್ರೈಸ್ತರಲ್ಲಿ ಒಂದು ನಂಬಿಕೆ ಇತ್ತು. ಸಂತ ಅಗಸ್ಟೀನ್ ತನ್ನ ತ್ರಿತ್ವದ ಗ್ರಂಥದಲ್ಲಿ ಇದನ್ನು ಬರೆದು, ಯಾರೂ ಮಲಗಿರದ ಆ ಗರ್ಭವನ್ನೂ ಯಾರೂ ಮಲಗಿರದ ಹೊಸ ಸಮಾಧಿಯನ್ನೂ ಜೋಡಿಯಾಗಿ ಇಡುತ್ತಾನೆ. ಓದಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಮೂರು ವರ್ಷದ ಹಿಂದೆ, ಇದೇ ಮಾರ್ಚಿನಲ್ಲಿ, ಹತ್ತನೇ ವಾರದಲ್ಲಿ ನನ್ನ ಮೊದಲನೇದು ಹೋಯಿತು. ಬೀದಿ ತುಂಬಾ ಹಳದಿ ಡ್ಯಾಫೊಡಿಲ್ ಹೂ ಅರಳಿತ್ತು. ಆ ಹೂ ಕಂಡರೆ ಈಗಲೂ ನನಗೆ ಆಗಲ್ಲ. ಗರ್ಭ, ಸಮಾಧಿ ಎರಡೂ ಒಂದೇ ಆಗಿದ್ದನ್ನು ಗ್ರಂಥ ಓದಿ ತಿಳೀಬೇಕಾಗಿರಲಿಲ್ಲ.

ಮಾರನೇ ದಿನ ಮತ್ತೆ ತೆರೆದೆ. ಈ ಎರಡು ದಿನಗಳು ನಿಜವಾಗಿಯೂ ಕೂಡಿ ಬರುವುದುಂಟು. ಶುಭ ಶುಕ್ರವಾರ ಮಾರ್ಚ್ 25ಕ್ಕೆ ಬಿದ್ದದ್ದು 2005ರಲ್ಲಿ, 2016ರಲ್ಲಿ. ಇನ್ನು 2157ಕ್ಕೇ. ಇಂಗ್ಲೆಂಡಿನಲ್ಲಿ 1608ರಲ್ಲೂ ಹಾಗೇ ಆಯ್ತು. ಆಗಿನ ಲೆಕ್ಕದಲ್ಲಿ ಅದು ಆ ವರ್ಷದ ಮೊದಲನೇ ದಿನ ಬೇರೆ. ಕವಿ ಜಾನ್ ಡನ್ ಆ ದಿನದ ಮೇಲೇ ಒಂದು ಕವಿತೆ ಬರೆದ. ಊಟ ಮಾಡಬೇಕೋ ಉಪವಾಸ ಇರಬೇಕೋ, ಒಂದೇ ದಿನ ಮರಿಯಮ್ಮನಿಗೆ ಮಗ ಬರುವ ಸುದ್ದಿಯೂ ಹೋದ ಸುದ್ದಿಯೂ ಅಲ್ಲವೇ ಅನ್ನೋದು ಅದರ ವಸ್ತು. ಜಾಣ ಕವಿತೆ. ಆದರೆ ನನಗೆ ಕಾಡಿದ್ದು ಅವನ ಹೆಂಡತಿ ಆನ್. ಹದಿನಾರು ವರ್ಷದ ಸಂಸಾರದಲ್ಲಿ ಹನ್ನೆರಡು ಹೆರಿಗೆ. 1617ರ ಆಗಸ್ಟಿನಲ್ಲಿ ಹನ್ನೆರಡನೇ ಮಗು ಸತ್ತೇ ಹುಟ್ಟಿತು, ಐದು ದಿನಕ್ಕೆ ಆಕೆಯೂ ಹೋದಳು. ಆ ಕವಿತೆಯ ಬಗ್ಗೆ ಆಕೆ ಏನಂದಳೋ, ಯಾರೂ ಬರೆದಿಡಲಿಲ್ಲ. ಹನ್ನೆರಡು ಸಲ ಭಯ ಪಟ್ಟವಳು ಆಕೆ ತಾನೇ?

ಆಮೇಲೆ ಇಟಲಿಯ ಮೊಂತೆರ್ಕಿ ಅನ್ನೋ ಸಣ್ಣ ಊರಿನ ಚಿತ್ರ ನೋಡಿದೆ. ಪಿಯೆರೊ ಡೆಲ್ಲಾ ಫ್ರಾನ್ಚೆಸ್ಕಾ ಸುಮಾರು 1460ರಲ್ಲಿ ಗೋಡೆಯ ಮೇಲೆ ಬರೆದದ್ದು, ಹೆರಿಗೆಯ ಮರಿಯಮ್ಮ. ಇಬ್ಬರು ದೂತರು ಡೇರೆಯ ಪರದೆ ಸರಿಸಿ ಹಿಡಿದಿದ್ದಾರೆ, ನಡುವೆ ಆಕೆ ತುಂಬು ಬಸುರಿ. ನೀಲಿ ಅಂಗಿ ಮುಂದೆ ಬಿಗಿಯಾಗಿ ಬಿಚ್ಚಿಕೊಂಡಿದೆ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಸೊಂಟದ ಮೇಲೆ. ಮುಖದಲ್ಲಿ ನಗುವಿಲ್ಲ. ನಮ್ಮೂರಿನ ಚರ್ಚಿನಲ್ಲಿ ನೋಡಿದ ಯಾವ ಮರಿಯಮ್ಮನೂ ಹೀಗೆ ಸೊಂಟಕ್ಕೆ ಕೈ ಕೊಟ್ಟು ನಿಂತದ್ದಿಲ್ಲ. (ನನ್ನ ಸೊಂಟ ಈಗ ಎಷ್ಟು ನೋಯುತ್ತೆ ಅಂತ ಕೇಳಬೇಡಿ.) ಸುತ್ತಲ ಹಳ್ಳಿಯ ಬಸುರಿಯರು ತಲೆಮಾರುಗಳಿಂದ ಅದರ ಮುಂದೆ ಬಂದು ಬೇಡಿಕೊಂಡವರು. ಚಿತ್ರ ಈಗ ಮ್ಯೂಸಿಯಮ್ಮಿನಲ್ಲಿದೆ, ಗಾಜಿನ ಹಿಂದೆ.

ಅಮ್ಮ ಹಾಸನದಿಂದ ದಿನಾ ಫೋನು. "ಯಾರಿಗೂ ಹೇಳ್ಬೇಡ ಕಣೇ, ಏಳು ತುಂಬ್ಲಿ" ಅಂತ ಇಷ್ಟು ದಿನ ಬಾಯಿ ಕಟ್ಟಿದ್ದಳು. ನಿನ್ನೆ ತಾನಾಗೇ "ಹೇಳ್ಕೋ, ಮರಿಯಮ್ಮನವ್ರಿಗೂ ಮೊದ್ಲೇ ಹೇಳಿದ್ರಲ್ವಾ" ಅಂದಳು. ಅದಕ್ಕೇ ನಿಮಗೆಲ್ಲ ಹೇಳ್ತಿದೀನಿ. ಜುಲೈ ಮೊದಲ ವಾರ ಅಂದಿದಾರೆ ಡಾಕ್ಟರು.