ಮಡಿವಾಳದ ಶಿಲೆಯೂ ವಿದ್ಯಾರ್ಥಿಯ ಕಥನವೂ

ಬೆಂಗಳೂರಿನ ದಕ್ಷಿಣ ಭಾಗದ ಮಡಿವಾಳವು ಇಂದು ಜನಸಂದಣಿಗೂ ವಾಹನಗಳ ಗದ್ದಲಕ್ಕೂ ಹೆಸರಾದ ಸ್ಥಳವು. ಆದರೆ ಅಲ್ಲಿಯ ಸೋಮೇಶ್ವರ ದೇವಾಲಯದ ಗೋಡೆಗಳು ಏಳು ಶತಮಾನಗಳಿಗೂ ಹಿಂದಿನ ಮಾತನ್ನು ಹೊತ್ತು ನಿಂತಿವೆ. ಕ್ರಿ. ಶ. 1247 ರ ಶಾಸನವೊಂದು ವೆಪ್ಪೂರಿನ, ಎಂದರೆ ಇಂದಿನ ಬೇಗೂರಿನ, ನಿವಾಸಿಯೊಬ್ಬನ ಭೂದಾನವನ್ನು ತಿಳಿಸುತ್ತದೆ. ಅಲ್ಲಿಯದೇ ಆದ ತಮಿಳು ಶಾಸನವೊಂದು ವೆಂಗಳೂರಿನ ಹಿರಿಯ ಕೆರೆಯ ಕೆಳಗಣ ಭೂಮಿಯನ್ನು ಹೆಸರಿಸುತ್ತದೆ.

ಈ ದಾನಿಯ ಊರಾದ ಬೇಗೂರಿನಲ್ಲಿ ಇನ್ನೂ ಪ್ರಾಚೀನವಾದ ಶಿಲಾಶಾಸನವುಂಟು. ಸುಮಾರು ಕ್ರಿ. ಶ. 890 ರ ಆ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಉಲ್ಲೇಖವಿದೆ. ಹೀಗಿದ್ದರೂ ಮನೆಮನೆಯಲ್ಲಿ ನಿಂತಿರುವುದು ಬೇರೆಯ ಕಥೆ: ಬೇಟೆಯಲ್ಲಿ ದಾರಿತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿಕ್ಕಿದುದರಿಂದ ಊರಿಗೆ ಈ ಹೆಸರು ಬಂದಿತಂತೆ. ಬಲ್ಲಾಳನು ಪಟ್ಟವೇರಿದುದು 1173 ರಲ್ಲಿ. ಹೆಸರಾದರೋ ಅದಕ್ಕಿಂತ ಸುಮಾರು ಮೂರು ಶತಮಾನ ಹಳೆಯದು. ಕಥೆಗೆ ಪ್ರಮಾಣವಿಲ್ಲ, ಆದರೆ ಕಂಠವಿದೆ. ಶಿಲೆಗೆ ಪ್ರಮಾಣವಿದೆ, ಕಂಠವಿಲ್ಲ.

ಈ ಎರಡನ್ನೂ ಕೂಡಿಸಬಲ್ಲ ಬೋಧನಕ್ರಮವೊಂದು ನಮ್ಮ ಕಾಲದಲ್ಲಿ ಹುಟ್ಟಿದೆ. ಅದೇ ಡಿಜಿಟಲ್ ಕಥನ. ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ 1994 ರಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ಇದಕ್ಕೊಂದು ಕೇಂದ್ರವನ್ನು ತೆರೆದರು. ಕಾರ್ಡಿಫ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಡೇನಿಯಲ್ ಮೆಡೋಸರು 2001 ರಿಂದ ವೇಲ್ಸಿನ ಸಾಮಾನ್ಯ ಜನರಿಗೂ ಇದನ್ನು ಕಲಿಸಿದರು. ವಿದ್ಯಾರ್ಥಿಯು ಪುಟವೊಂದರಷ್ಟು ಕಥನವನ್ನು ಬರೆದು, ಸ್ವಕಂಠದಿಂದ ಓದಿ, ಕೆಲವೇ ಚಿತ್ರಗಳೊಡನೆ ಎರಡು ಮೂರು ನಿಮಿಷಗಳಲ್ಲಿ ಅಡಗಿಸುವುದೇ ಇದರ ವಿಧಾನ. ಹರಿಕಥೆಯನ್ನೂ ಗಮಕವನ್ನೂ ಬಲ್ಲ ನಾಡಿಗೆ ಇದರ ಮರ್ಮವು ಹೊಸದಲ್ಲ.

ಸಾಮಗ್ರಿಯೂ ಸಿದ್ಧವಾಗುತ್ತಿದೆ. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905 ರಲ್ಲಿ ಪುಸ್ತಕಕ್ಕೆ ತಂದರು. 1909 ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021 ರಲ್ಲಿ ಅವನ್ನು ತ್ರಿಆಯಾಮದ ಡಿಜಿಟಲ್ ಪ್ರತಿಗಳಾಗಿ ಉಳಿಸುವ ಕಾರ್ಯವನ್ನಾರಂಭಿಸಿತು. ಸವೆದ ಅಕ್ಷರವೂ ಇದರಿಂದ ಓದಲು ಸುಲಭವಾಗುತ್ತದೆ.

ಆದರೆ ಎಚ್ಚರವು ಅಗತ್ಯ. ಇಂಪಾದ ಧ್ವನಿಯೂ ಅಂದವಾದ ಚಿತ್ರವೂ ಅಸತ್ಯವನ್ನು ಸಹ ಸತ್ಯದಂತೆಯೇ ಬೆಳಗಿಸುತ್ತವೆ. ಬೆಂದ ಕಾಳಿನ ಕಥೆಯು ಇನ್ನೊಮ್ಮೆ ಹೊಸ ವೇಷದಿಂದ ಹೊರಡಬಹುದು. ಆದುದರಿಂದ ಅಧ್ಯಾಪಕನು ಯಂತ್ರಕ್ಕಿಂತ ಮೊದಲು ಶಿಲೆಯನ್ನು ತೋರಿಸಬೇಕು. ಮಡಿವಾಳದ ಗೋಡೆಯೆದುರು ನಿಂತು, ದಾನಿ ಯಾರು, ಭೂಮಿ ಎಲ್ಲಿಯದು, ಆ ಕೆರೆ ಏನಾಯಿತು ಎಂದು ಕೇಳಿಕೊಂಡ ವಿದ್ಯಾರ್ಥಿಯೇ ಕಥನಕ್ಕೆ ಅಧಿಕಾರಿ. ಅಂಥವನು ಹೇಳಿದ ಕಥೆಯನ್ನು ಕೇಳಿದ ಊರು ತನ್ನ ಕಲ್ಲನ್ನು ಚರಂಡಿಗೆ ಹಾಸಲಾರದು.